ಮೂರು ಬಾನಿ, ಹದಿನಾರು ದಿನ

ಯಜಮಾನರು ತೀರಿಕೊಂಡ ಬೆಳಿಗ್ಗೆ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಬಾನಿಗಳು. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ, ಆದರೆ ನಿಜ. ಹಿಂದಿನ ಸಂಜೆಯಷ್ಟೇ ಮೂರು ನೀಲಿ ಬಾನಿಗಳಿಗೂ ಹೊಸ ಬೀಜ ಹಾಕಿದ್ದೆವು. ಮುಂದಿನ ಐದಾರು ದಿನ ಅವುಗಳ ಪಕ್ಕದಿಂದ ಏಳುವ ಹಾಗಿರಲಿಲ್ಲ. ಅಂಥ ಹೊತ್ತಿನಲ್ಲೇ ಯಜಮಾನರು ಜಗಲಿಯ ಮೇಲೆ ಕೂತವರು ಎದೆ ಹಿಡಿದುಕೊಂಡು ಒರಗಿದರು, ಮತ್ತೆ ಏಳಲಿಲ್ಲ.

ಬಣ್ಣದ ಕೆಲಸ ಕಾಣದವರಿಗೆ ಒಂದಿಷ್ಟು ಹೇಳಬೇಕು. ನೀಲಿ ಬಾನಿ ಎಂದರೆ ಬಣ್ಣ ಕದಡಿಟ್ಟ ಮಡಕೆಯಲ್ಲ. ಆಳೆತ್ತರದ ಮಣ್ಣಿನ ಬಾನಿಯನ್ನು ಕುತ್ತಿಗೆವರೆಗೆ ನೆಲದಲ್ಲಿ ಹೂತು, ಅದಕ್ಕೆ ಅರೆದ ನೀಲಿ, ಚೌಳು ಮಣ್ಣಿನ ತಿಳಿ, ಸುಣ್ಣದ ತಿಳಿ, ಬೇಯಿಸಿದ ತಗರೆ ಬೀಜ ಹಾಕುತ್ತೇವೆ. ಸುತ್ತಲೂ ಹೊಟ್ಟಿನ ಬೆಂಕಿಯ ಕಾವು. ದಿನಕ್ಕೆರಡು ಸಲ ಉದ್ದ ಕೋಲಿನಿಂದ ತಳ ಮುಟ್ಟಿ ಕಲಕಬೇಕು. ಬೀಜ ಬಿದ್ದ ಮೇಲೆ ಬಾನಿ ಹುಳಿಯಲು ಹಿಡಿಯುತ್ತದೆ. ಹುಳಿದರೇ ನೀಲಿ ನೀರಿನಲ್ಲಿ ಕರಗಿ ನೂಲಿಗೆ ಹತ್ತುವುದು. ಆದರೆ ಆ ಹುಳಿಗೆ ಸುಣ್ಣದ ಲಗಾಮು ಬೇಕು. ಸುಣ್ಣ ಕಡಿಮೆಯಾದರೆ ಬಾನಿ ಕೊಳೆಯುತ್ತದೆ, ಹೆಚ್ಚಾದರೆ ಸದ್ದಿಲ್ಲದೆ ಮಲಗಿಬಿಡುತ್ತದೆ. ಎಷ್ಟು ಹಾಕಬೇಕು ಎಂಬುದಕ್ಕೆ ಅಳತೆಯಿಲ್ಲ. ಬಾನಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡಬೇಕು. ನಮ್ಮ ಅಂಗಳದಲ್ಲಿ ಆ ಅಧಿಕಾರ ಯಜಮಾನರ ನಾಲಿಗೆಗೆ ಮಾತ್ರ ಇತ್ತು. ಚಿನ್ನಮನೂರಿನಿಂದ ದಿಂಡಿಗಲ್ಲಿನವರೆಗೆ ಆ ನಾಲಿಗೆಯ ಹೆಸರು ಓಡಾಡುತ್ತಿತ್ತು. ಹನ್ನೊಂದು ವರ್ಷ ಕಲಕಿದವನು ನಾನು, ಒಂದು ಹನಿ ಬಾಯಿಗಿಟ್ಟವನಲ್ಲ.

ಅಲ್ಲಿ ಕೆಲಸಕ್ಕಿದ್ದವರು ಮೂವರು. ಕಲಕುವ, ಅದ್ದುವ ಕೆಲಸ ನನ್ನದು. ನೀಲಿ ಅರೆಯಲು ಒಬ್ಬ ಅಜ್ಜಿ. ನೂಲು ಹಿಂಡಿ ಒಣಗಿಸಲು ಇನ್ನೊಬ್ಬ; ಅವನು ಹೆಣ ಎತ್ತಿದ ಕೂಡಲೇ ಸ್ನಾನ ಮಾಡಿ ಮನೆಗೆ ಹೋದವನು, ಹದಿನಾರನೆಯ ದಿನದವರೆಗೆ ಈ ಕಡೆ ತಲೆ ಹಾಕಲಿಲ್ಲ. ಅವನದೇನೂ ತಪ್ಪಿಲ್ಲ, ಈ ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡದವರಲ್ಲಿ ರೂಢಿಯೇ ಹಾಗೆ. ಸಾವಾದ ಮನೆಯ ಕಸುಬು ಹದಿನಾರು ದಿನ ನಿಲ್ಲಬೇಕು. ಹೊರಗಿನವರು ಆ ಮನೆಯ ನೀರೂ ಬಾಯಿಗಿಡಬಾರದು.

ಯಜಮಾನರಿಗೆ ಗಂಡುಮಕ್ಕಳಿರಲಿಲ್ಲ. ಹೆಂಡತಿ, ಆರು ವರ್ಷದ ಒಬ್ಬ ಮಗಳು. ಆ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ಬಾನಿಗಳು ನಡೆಯುತ್ತಿದ್ದರೆ ಅಕ್ಕ ಆ ಮನೆಯಲ್ಲಿ ಉಳಿಯಲು ಒಂದು ಕಾರಣವಿರುತ್ತಿತ್ತು. ಬಾನಿ ಸತ್ತರೆ ಅಲ್ಲಿ ಉಳಿಯುವುದು ಮೂರು ಗುಂಡಿ. ಹಿರಿಯರು ತಾಯಿ ಮಗಳನ್ನು ಕಂಬಂನಲ್ಲಿದ್ದ ಅವಳ ಅಣ್ಣನ ಮನೆಯ ಮೂಲೆಗೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಧ್ಯಾಹ್ನ ಯಜಮಾನರ ತಮ್ಮ ಬಂದ. ಬೋಡಿಮೆಟ್ಟಿನಿಂದ ಏಲಕ್ಕಿ ಮೂಟೆಗಳನ್ನು ಹೇರೆತ್ತುಗಳ ಮೇಲೆ ಇಳಿಸುವ ಕೆಲಸ ಅವನದು. ಕೆಟ್ಟವನಲ್ಲ, ಆದರೆ ಬಾನಿಯ ಬಗ್ಗೆ ನನ್ನ ಎಮ್ಮೆಗೆ ಗೊತ್ತಿದ್ದಷ್ಟೂ ಅವನಿಗೆ ಗೊತ್ತಿರಲಿಲ್ಲ. ಅಣ್ಣನಿಗೆ ಬೆಂಕಿಯಿಟ್ಟು ಬಂದು, ಒದ್ದೆ ಬಟ್ಟೆಯಲ್ಲೇ ಅಂಗಳದ ನಡುವೆ ನಿಂತು ಅಪ್ಪಣೆ ಕೊಟ್ಟ.

"ಬೆಂಕಿ ಆರ್ಸು. ಬಾನಿ ಬಾಯಿಗೆ ಬಟ್ಟೆ ಕಟ್ಟು. ಹದ್ನಾರು ದಿನ ಯಾರೂ ಮುಟ್ಟಬ್ಯಾಡ್ರಿ."

ನಾನು ಆರಿಸಿದೆ. ಬಟ್ಟೆಯನ್ನೂ ಕಟ್ಟಿದೆ. ಯಜಮಾನ ಸತ್ತ ಮೇಲೆ ಆಳಿಗೆ ಯಜಮಾನ ಯಾರು ಎಂಬ ಪ್ರಶ್ನೆ ಆ ಹೊತ್ತಿಗೆ ಹುಟ್ಟುವುದಿಲ್ಲ. ಗಟ್ಟಿಯಾಗಿ ಮಾತಾಡಿದವನೇ ಯಜಮಾನ.

ಮನೆಗೆ ಹೋದೆ, ಕೂರಲಾಗಲಿಲ್ಲ. ಊಟಕ್ಕೆ ಕೂತು ಎದ್ದೆ. ಕಾಲುವೆಯ ದಂಡೆಯವರೆಗೆ ಹೋಗಿ ತಿರುಗಿ ಬಂದೆ. ನನ್ನ ಹೆಂಡತಿ, "ಯಾಕ ಇಂಗೆ ಬಾಲ ಸುಟ್ಟ ಬೆಕ್ಕಿನಂಗೆ ಆಡ್ತೀಯ? ಸತ್ತೋರು ನಿನ್ನ ಯಜಮಾನ್ರು, ಬಾನಿ ಅಲ್ಲ" ಎಂದಳು. ನನ್ನ ಭಯ ಅದೇ ಆಗಿತ್ತು ಎಂದು ಅವಳಿಗೆ ಹೇಗೆ ಹೇಳಲಿ?

ಮರುದಿನ ಬೆಳಕು ಹರಿಯುತ್ತಿದ್ದಂತೆ ಹೋದಾಗ ಅಜ್ಜಿ ಆಗಲೇ ಬಾನಿಗಳ ಹತ್ತಿರ ನಿಂತಿದ್ದಳು. ಬಟ್ಟೆಯ ಮೇಲಿಂದಲೇ ಮೂಗಿಟ್ಟು ವಾಸನೆ ನೋಡಿ ನನ್ನನ್ನು ಕರೆದಳು.

"ಮೋಂದು ನೋಡು ತಂಬಿ. ನಾಳೀಕೆ ಇದು ಸತ್ತೋಯ್ತದೆ."

ನಾನು ನೇರ ಜಗಲಿಗೆ ಹೋದೆ. ತಮ್ಮ ಗೋಡೆಗೊರಗಿ ಕೂತಿದ್ದ, ಕಣ್ಣು ಕೆಂಪಗಿತ್ತು.

"ಅಣ್ಣಾ, ಬಾನಿ ಕಲಕಬೇಕು."

"ಸೂತಕದಾಗ ಕೆಲ್ಸ ಮಾಡ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ?"

"ನೂಲು ಅದ್ದೋದು ಕೆಲ್ಸ. ಕಲಕೋದು ಕೆಲ್ಸ ಅಲ್ಲಣ್ಣ. ನಿಮ್ಮ ಎತ್ತುಗಳು ನಿನ್ನೆಯಿಂದ ಉಪಾಸ ಅವೆಯಾ?"

ಅವನು ನನ್ನ ಮುಖ ನೋಡಿದ. ಮನೆಯ ಹಿಂದೆ ಕಟ್ಟಿದ್ದ ಅವನ ಎತ್ತುಗಳು ಹುಲ್ಲು ಮೆಲ್ಲುವ ಸದ್ದು ಇಬ್ಬರಿಗೂ ಕೇಳುತ್ತಿತ್ತು.

"ಅದು ಜೀವ. ಮೇವು ಆಕ್ಲೇಬೇಕು" ಎಂದ.

"ಇದೂವೆ ಅಂಗೇ."

ಎತ್ತುಗಳ ಕಡೆ ಕತ್ತು ತಿರುಗಿಸಿ, "ಕಲಕು. ಕಾವು ಕೊಡು. ನೂಲು ಮಾತ್ರ ಇಳಿಸಬ್ಯಾಡ" ಎಂದ. ನಾನು ಓಡಿದೆ. ಹೊಟ್ಟಿಗೆ ಬೆಂಕಿ ಹಚ್ಚಿ ಮೂರನ್ನೂ ಕಲಕುವಷ್ಟರಲ್ಲಿ ತೋಳು ಬಿದ್ದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಮೂರರ ಮೇಲೂ ನೀಲಿ ನೊರೆ ಕಟ್ಟಿತು. ಗೆದ್ದೆ ಅಂದುಕೊಂಡೆ.

ಗೆದ್ದಿರಲಿಲ್ಲ. ಮೂರನೆಯ ದಿನಕ್ಕೆ ಹುಳಿ ಏರಿತು. ಇನ್ನು ಸುಣ್ಣ ಕೊಡಲೇಬೇಕು. ಎಷ್ಟು? ಹಳೆಯ ರೂಢಿಯ ಅಂದಾಜು ಹಿಡಿಯೋಣವೆಂದರೆ ಅದಕ್ಕೂ ಕಲ್ಲು ಬಿದ್ದಿತ್ತು. ಮಲೆ ಕೊರೆದು ಆಚೆಯ ಹೊಳೆಯನ್ನು ನಮ್ಮ ಕಣಿವೆಗೆ ತಿರುಗಿಸಿ ಒಂದು ವರ್ಷವಾಗಿತ್ತು. ಗದ್ದೆಯವರಿಗೆ ಅದು ಹಬ್ಬ, ನಮಗೆ ತಲೆನೋವು. ಕಾಲುವೆಯಲ್ಲಿ ಬರುತ್ತಿದ್ದ ಆ ನೀರು ಹಳೆಯ ನೀರಿಗಿಂತ ಮೆದು. ಅದೇ ಬೀಜ, ಅದೇ ಚೌಳು ಹಾಕಿದರೂ ಬಾನಿ ಬೇರೆ ಬಗೆ ಆಡುತ್ತಿತ್ತು. ಆ ವರ್ಷವಿಡೀ ಯಜಮಾನರು ದಿನಕ್ಕೆ ಎರಡು ಸಲ ಬೆರಳದ್ದಿ ಬಾಯಿಗಿಟ್ಟು, ಒಳಗೆ ಹೋಗಿ ಎಲೆಯಡಿಕೆ ಹಾಕಿಕೊಂಡು, ಬಂದು ಅಳತೆ ಹೇಳುತ್ತಿದ್ದರು.

ನಾನೇ ರುಚಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೂತಕದ ಮನೆಯ ನೀರು ಬಾಯಿಗಿಡುವುದು ಒಂದು ಮಾತು. ಅದನ್ನು ಮೀರಿದರೂ ಏನು ಬಂತು? ಯಾವ ರುಚಿ ಸರಿ ಎಂದು ಗೊತ್ತಿಲ್ಲದ ನಾಲಿಗೆ ತಗೊಂಡು ಏನು ಮಾಡಲಿ? ಮೂಗನ್ನೇ ನಂಬಿದೆ. ಮೊದಲ ಬಾನಿಯ ವಾಸನೆ ಹೆಚ್ಚು ಅನ್ನಿಸಿತು. ಅದಕ್ಕೆ ಒಂದು ಪೂರ್ತಿ ಚಿಪ್ಪು ಸುಣ್ಣದ ತಿಳಿ ಹಾಕಿ ಕಲಕಿದೆ. ಉಳಿದೆರಡಕ್ಕೆ ಹಾಕಲು ಕೈ ಬರಲಿಲ್ಲ, ನಾಳೆ ನೋಡೋಣ ಅಂದುಕೊಂಡೆ.

ನಾಲ್ಕನೆಯ ದಿನ ಮೊದಲ ಬಾನಿಯ ಮೇಲೆ ನೊರೆಯೇ ಇರಲಿಲ್ಲ. ಹಸಿರು ಹಳದಿ ಇರಬೇಕಾದ ನೀರು ಕಾಫಿಯ ಚರಟದ ಬಣ್ಣಕ್ಕೆ ತಿರುಗಿತ್ತು. ಕಲಕಿದರೆ ಕೋಲಿಗೆ ಲೋಳೆಯಂತೆ ಜಾರುತ್ತಿತ್ತು, ಒಂದು ಗುಳ್ಳೆ ಏಳಲಿಲ್ಲ. ಸುಣ್ಣ ಹೆಚ್ಚಾಗಿತ್ತು. ನಾನೇ ನನ್ನ ಕೈಯಾರೆ ಅದರ ಬಾಯಿ ಮುಚ್ಚಿದ್ದೆ. ಅಲ್ಲೇ ಕುಕ್ಕರಿಸಿ ಅತ್ತೆ. ಯಜಮಾನರ ಹೆಣದ ಮುಂದೆ ಬಾರದ ಅಳು ಆಗ ಬಂತು. ಅಜ್ಜಿ ನನ್ನನ್ನು ಸಮಾಧಾನ ಮಾಡಲಿಲ್ಲ. ಒಂದು ಗಳಿಗೆ ನೋಡಿ, ಸೀದಾ ಮನೆಯೊಳಗೆ ಹೋದಳು.

ಬಂದು ಹೇಳಿದಳು: "ಆಯಮ್ಮ ಕರೀತಾಳೆ. ಮೂರು ಬಾನೀದೂ ಮೂರು ಚಿಪ್ಪಾಗ ತರಬೇಕಂತೆ."

ನನಗೆ ಅರ್ಥವಾಗಲಿಲ್ಲ. ಹೆಂಗಸರನ್ನು ಬಾನಿಯ ಹತ್ತಿರ ಬಿಡುವ ರೂಢಿಯೇ ಇಲ್ಲ. ವಯಸ್ಸು ಕಳೆದ ಅಜ್ಜಿಗೆ ಮಾತ್ರ ಆ ಅಂಗಳದ ದಾರಿ. ಹೇಗೂ ಕೆಟ್ಟಿದ್ದಾಗಿದೆ ಎಂದು ಮೂರು ತೆಂಗಿನ ಚಿಪ್ಪುಗಳಲ್ಲಿ ತುಂಬಿಕೊಂಡು ಹಿತ್ತಲ ಬಾಗಿಲಿಗೆ ಹೋದೆ. ಅಕ್ಕ ಹೊಸ್ತಿಲೊಳಗೆ ಕೂತಿದ್ದಳು. ಬರಿಗೈ, ಬರಿಗತ್ತು ನೋಡಲಾಗದೆ ತಲೆ ತಗ್ಗಿಸಿದೆ. ಅವಳು ಮೊದಲ ಚಿಪ್ಪಿಗೆ ಬೆರಳದ್ದಿ ನಾಲಿಗೆಗಿಟ್ಟಳು, ಪಕ್ಕದ ಬೂದಿಗೆ ಉಗಿದಳು. ಎರಡನೆಯದು. ಮೂರನೆಯದು.

"ಎರಡ್ನೇದಕ್ಕೆ ಕಾಲು ಚಿಪ್ಪು ಸುಣ್ಣ. ಮೂರ್ನೇದಕ್ಕೆ ಅರ್ಧ, ಈಗ್ಲೇ ಆಕು. ಇದು…" ಎಂದು ಮೊದಲ ಚಿಪ್ಪನ್ನು ಮುಟ್ಟಿ, "ಇದರ ಬಾಯಿ ಸುಟ್ಟಿದ್ದೀಯ ತಂಬಿ. ಸತ್ತಿಲ್ಲ. ಕರಿ ಬೆಲ್ಲ ಒಂದುಂಡೆ ಕರಗಿಸಿ ಆಕು, ದಿನಾ ಒಂದೊಂದು. ಕಾವು ಬಿಡಬ್ಯಾಡ."

ಇದೆಲ್ಲ ಹೇಗೆ ಗೊತ್ತು ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು. ಎರಡು ವರ್ಷದ ಹಿಂದೆ ಯಜಮಾನರಿಗೆ ಬಂದ ವಿಷಜ್ವರದಲ್ಲಿ ನಾಲಿಗೆಯ ರುಚಿಯೇ ಹೋಗಿತ್ತಂತೆ. ಉಪ್ಪು, ಹುಳಿ ಒಂದೂ ತಿಳಿಯುತ್ತಿರಲಿಲ್ಲವಂತೆ. ನಮ್ಮೆದುರು ಬೆರಳನ್ನು ಬಾಯಿಗಿಡುತ್ತಿದ್ದದ್ದು ಬರೀ ತೋರಿಕೆ. ಟವೆಲಿನ ಮರೆಯಲ್ಲಿ ಚಿಪ್ಪು ಹಿಡಿದು ಎಲೆಯಡಿಕೆಯ ನೆಪದಲ್ಲಿ ಒಳಗೆ ಹೋಗುತ್ತಿದ್ದರು. ಅಕ್ಕ ಒಲೆಯ ಮುಂದೆ ರುಚಿ ನೋಡಿ ಹೇಳುತ್ತಿದ್ದಳು. ಅವರು ಹೊರಗೆ ಬಂದು ಅದನ್ನೇ ನಮಗೆ ಹೇಳುತ್ತಿದ್ದರು. ಮೊದಮೊದಲು ಎರಡು ಮೂರು ಸಲ ತಪ್ಪಿತಂತೆ, ಆಮೇಲೆ ಹಿಡಿತಕ್ಕೆ ಬಂತಂತೆ. ಹೊಸ ನೀರಿನ ಆಟವನ್ನು ಬಗೆಹರಿಸಿದ್ದು ಪೂರಾ ಅವಳೇ.

ಆ ಎರಡು ವರ್ಷದ ನೀಲಿಯನ್ನು ನಾನು ಎಷ್ಟು ಜನರ ಮುಂದೆ ಯಜಮಾನರ ನಾಲಿಗೆಯ ಹೆಸರಲ್ಲಿ ಕೊಂಡಾಡಿದ್ದೆ! ಸಿಟ್ಟು, ನಗು, ಮರುಕ ಎಲ್ಲಾ ಒಟ್ಟಿಗೆ ಬಂತು.

"ಇದು ನಮ್ಮ ಮೂವರ ಬಾಯಾಗೇ ಇರ್ಲಿ" ಎಂದಳು ಅಕ್ಕ. "ಅವರ ನಾಲಿಗೆ ಅಂದ್ರೆ ಊರೇ ಮರ್ವಾದೆ ಕೊಡ್ತಿತ್ತು. ಅದು ಅವರ ಜೊತೀಗೇ ಓಗ್ಲಿ. ಆಣೆ ಮಾಡು."

ಆಣೆ ಮಾಡಿದೆ.

ಅಲ್ಲಿಂದ ಹನ್ನೊಂದು ದಿನ ನನಗೆ ಹೊತ್ತು ಹುಟ್ಟಿದ್ದು ಮುಳುಗಿದ್ದು ತಿಳಿಯಲಿಲ್ಲ. ಬೆಳಿಗ್ಗೆ ಕಲಕಿ, ನೊರೆ ನೋಡಿ, ಮೂರು ಚಿಪ್ಪು ತುಂಬುತ್ತಿದ್ದೆ. ಅಜ್ಜಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮಾತು ತರುತ್ತಿದ್ದಳು: ಕಾಲು, ಅರ್ಧ, ಇವತ್ತು ಬೇಡ. ಸಂಜೆ ಮತ್ತೆ ಅದೇ. ನಾನು ಬರೀ ಅಪ್ಪಣೆ ಕೇಳುವವನಾಗಿರಲಿಲ್ಲ. ಅಕ್ಕ ಹೇಳಿದ್ದಕ್ಕೂ ನನ್ನ ಮೂಗು, ಕಣ್ಣಿಗೆ ಕಂಡದ್ದಕ್ಕೂ ಗಂಟು ಹಾಕಿ ನೋಡುತ್ತಿದ್ದೆ. ಎರಡನೆಯದು, ಮೂರನೆಯದು ಏಳನೆಯ ದಿನಕ್ಕೆಲ್ಲಾ ಹದಕ್ಕೆ ಬಂದವು, ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿತು. ಮೊದಲನೆಯದು ಮಾತ್ರ ಮೊಂಡು ಹಿಡಿದು ಮಲಗಿತ್ತು. ಬೆಲ್ಲ ಕರಗಿಸಿ ಹಾಕುತ್ತಿದ್ದೆ, ಕಾಯುತ್ತಿದ್ದೆ, ಬೈಯುತ್ತಿದ್ದೆ. ಹನ್ನೆರಡನೆಯ ದಿನ ಅದರ ಅಂಚಿನಲ್ಲಿ ಬೆರಳಗಲ ನೊರೆ ಕಂಡಾಗ ಅಜ್ಜಿಯನ್ನು ಎತ್ತಿ ಕುಣಿಸುವುದೊಂದು ಬಾಕಿ.

ತಮ್ಮ ದಿನಕ್ಕೊಮ್ಮೆ ಬಂದು ಇಣುಕುತ್ತಿದ್ದ. "ಎಂಗೈತೆ?" ಎನ್ನುತ್ತಿದ್ದ. "ಐತೆ ಅಣ್ಣಾ" ಎನ್ನುತ್ತಿದ್ದೆ. ಸುಣ್ಣದ ಅಳತೆ ಯಾರು ಹೇಳುತ್ತಾರೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಹದಿನಾರನೆಯ ದಿನ ಊರ ಹಿರಿಯರು ಜಗಲಿಯ ಮೇಲೆ ಕೂತರು. ಕರ್ಮ ಮುಗಿಸಿ ತಮ್ಮನ ತಲೆಗೆ ಉರುಮಾಲು ಕಟ್ಟಿದರು. ಉರುಮಾಲು ಕಟ್ಟಿಸಿಕೊಂಡವನಿಗೆ ಮನೆಯ ಹೊಣೆ, ಕಸುಬಿನ ಹೊಣೆ. ಅಕ್ಕ ಬಾಗಿಲ ಹಿಂದೆ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅಂಗಳದಲ್ಲಿ ಕಂಬಕ್ಕೊರಗಿದ್ದೆ.

ತಮ್ಮನೇ ಮಾತು ತೆಗೆದ. ಅದರಲ್ಲಿ ಮೋಸವಿರಲಿಲ್ಲ, ದಣಿವಿತ್ತು. "ನಂಗೆ ಎತ್ತು ಗೊತ್ತು, ಬಾನಿ ಗೊತ್ತಿಲ್ಲ. ದಿಂಡಿಗಲ್ಲಾಗ ಬಣ್ಣ ಆಕೋ ಸಾಯದೋನು ಒಬ್ಬ ಔನೆ. ಜಾಗಾನೂ ಬಾನೀನೂ ಔನಿಗೆ ಬಿಟ್ಟುಕೊಡ್ತೀನಿ. ಅತ್ಗೆನ್ನೂ ಕೂಸ್ನೂ ಔರಣ್ಣ ಕರ್ಕೊಂಡು ಓಗ್ಲಿ."

ಊರ ಗೌಡರು ತಲೆಯಾಡಿಸಿದರು. "ಸರಿ. ಬಾನೀಗೆ ನಾಲಿಗೆ ಬೇಕು. ಆ ನಾಲಿಗೆ ಓಯ್ತು." ಆಮೇಲೆ ನನ್ನ ಕಡೆ ತಿರುಗಿದರು. "ಹದ್ನಾರು ದಿನ ನೀನೇ ಕಾಪಾಡಿದೆಯಂತಲ್ಲ. ನಿಂಗೆ ರುಚಿ ಗೊತ್ತಾ?"

ಆಮಾ, ಹೌದು ಎಂದಿದ್ದರೆ ಮುಗಿಯುತ್ತಿತ್ತು. ಇದು ನನಗೆ ಆ ಗಳಿಗೆಯಲ್ಲೇ ಸ್ಪಷ್ಟವಾಗಿ ಕಂಡಿತು. ಆಮಾ ಎಂದಿದ್ದರೆ ಯಾವ ಸಾಯದವನೂ ಬರುತ್ತಿರಲಿಲ್ಲ, ತಮ್ಮ ಬಾನಿಗಳನ್ನು ನನ್ನ ಕೈಗೇ ಕೊಡುತ್ತಿದ್ದ. ಆ ಹನ್ನೊಂದು ದಿನದಲ್ಲಿ ನನ್ನ ಮೂಗು, ಕಣ್ಣು ಕಲಿತದ್ದರಿಂದ ಬಾನಿ ಹೇಗೋ ಉಳಿಯುತ್ತಿತ್ತು, ಆಣೆ ಉಳಿಯುತ್ತಿತ್ತು, ಯಜಮಾನರ ಹೆಸರು ಉಳಿಯುತ್ತಿತ್ತು. ನನ್ನ ಬದುಕಂತೂ ಬಂಗಾರವಾಗುತ್ತಿತ್ತು. ಆ ಮನೆಗೆ ಬೇಡವಾದ ಅಕ್ಕ ಒಬ್ಬಳು ಮಾತ್ರ ಕೂಸನ್ನು ಎತ್ತಿಕೊಂಡು ಕಂಬಂನ ಬಂಡಿ ಹತ್ತುತ್ತಿದ್ದಳು. ಒಂದು ಉಸಿರು ತೆಗೆಯುವಷ್ಟು ಹೊತ್ತು ಅದು ನನಗೆ ಬೇಕೆನ್ನಿಸಿತು. ಸುಳ್ಳು ಹೇಳುವುದಿಲ್ಲ, ಬೇಕೆನ್ನಿಸಿತು.

"ನಂಗೆ ಗೊತ್ತಿಲ್ಲ ಗೌಡ್ರೇ" ಎಂದೆ. "ಅಕ್ಕನ್ಗೆ ಗೊತ್ತು. ಎರಡು ವರ್ಷದಿಂದ ಆ ನಾಲಿಗೆ ಅಕ್ಕನ್ದೇ."

ಉಳಿದದ್ದನ್ನೂ ಹೇಳಿದೆ, ಜ್ವರ, ಟವೆಲು, ಚಿಪ್ಪು ಎಲ್ಲಾ. ಬಾಗಿಲ ಹಿಂದಿನಿಂದ, "ಪೋದುಂ, ತಂಬಿ! ಸಾಕು!" ಎಂಬ ಕೂಗು ಬಂತು. ನಿಲ್ಲಿಸಲಿಲ್ಲ.

ತಮ್ಮ ಎದ್ದು ನಿಂತ. ಅವನ ಮುಖ ಕಪ್ಪಿಟ್ಟಿತು. "ಸತ್ತ ನಮ್ಮಣ್ಣನ್ನ ಸುಳ್ಳ ಅಂತೀಯಾ? ಔನನ್ನ ಆಯಮ್ಮನ ಸೆರಗಿನಾಗ ಕಟ್ತೀಯಾ?"

ಗೌಡರು ಕೈಯೆತ್ತಿ ಅವನನ್ನು ಕೂರಿಸಿದರು. ಮೂರು ಬಾನಿಗಳಿಂದ ಮೂರು ಚಿಪ್ಪು ತರಿಸಿದರು. ಯಾವುದು ಯಾವ ಬಾನಿಯದು ಎಂದು ನಾನು ಅವರ ಕಿವಿಯಲ್ಲಿ ಮಾತ್ರ ಹೇಳಬೇಕು. ಆಮೇಲೆ ಅವರೇ ಚಿಪ್ಪುಗಳನ್ನು ಅದಲುಬದಲು ಮಾಡಿ ಹೊಸ್ತಿಲ ಮೇಲಿಟ್ಟರು. "ಯೋಳಮ್ಮ" ಎಂದರು.

ಅಕ್ಕ ಬಾಗಿಲಿಗೆ ಬಂದಳು. ಚಿಪ್ಪುಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವಳು ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ನಾನು ಸುಳ್ಳುಗಾರನಾಗುತ್ತಿದ್ದೆ, ಗಂಡನ ಹೆಸರು ಕಲೆಯಿಲ್ಲದೆ ಉಳಿಯುತ್ತಿತ್ತು. ಹಾಗೇ ಮಾಡುತ್ತಾಳೆ ಎಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಮಗಳು ಹಿಂದಿನಿಂದ ಬಂದು ಅವಳ ಸೀರೆ ಹಿಡಿದು ನಿಂತಳು. ಅಕ್ಕ ಕೂತು ಬೆರಳದ್ದಿದಳು.

"ಇದು ಮೂರ್ನೇದು. ಹದವಾಗೈತೆ, ನೂಲು ಇಳಿಸ್ಬೋದು. ಇದು ಮೊದಲ್ನೇದು, ಬೆಲ್ಲ ಇನ್ನೂ ನಾಲಿಗೆಗೆ ಸಿಕ್ತದೆ. ಇದು ಎರಡ್ನೇದು. ಸಂಜೀಕೆ ಒಂದು ಹಿಡಿ ಚೌಳು ಬೇಕು."

ಮೂರೂ ಸರಿಯಾಗಿತ್ತು. ಗೌಡರು ಚಿಪ್ಪುಗಳನ್ನು ಮತ್ತೆ ಬಾನಿಗಳ ಸಾಲಿನಂತೆ ಜೋಡಿಸಿಟ್ಟರು. ಕೊನೆಗೆ, "ಉರುಮಾಲು ತಮ್ಮನ ತಲೇಲಿರ್ಲಿ. ಬಾನಿ ಈಯಮ್ಮನ ಕೈಲಿರ್ಲಿ" ಎಂದರು. ತಮ್ಮ ಸಂಜೆಯೇ ಎತ್ತುಗಳನ್ನು ಬಿಚ್ಚಿಕೊಂಡು ಬೋಡಿಯ ದಾರಿ ಹಿಡಿದ. ಹೋಗುವಾಗ ಕೂಸಿನ ತಲೆ ಸವರಿದ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಕನೂ ನನ್ನೊಡನೆ ಮಾತು ಬಿಟ್ಟಳು. ಕೆಲಸ ಬಿಡಿಸಲಿಲ್ಲ. ಈಗ ಅವಳೇ ಅಂಗಳಕ್ಕೆ ಬಂದು ಎಲ್ಲರೆದುರು ಬೆರಳದ್ದುತ್ತಿದ್ದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದರೂ ಅಳತೆಯನ್ನು ಅಜ್ಜಿಗೆ ಹೇಳುತ್ತಿದ್ದಳು, ಅಜ್ಜಿ ನನಗೆ ಹೇಳುತ್ತಿದ್ದಳು. ಊರಲ್ಲಿ ಜನ ಯಜಮಾನರ ಹೆಸರೆತ್ತಿ ಬಾಯಿಗೆ ಟವೆಲು ಹಿಡಿದು ನಗುವುದು ನನ್ನ ಕಿವಿಗೇ ಬಿತ್ತು. ಕಾಲುವೆಯಲ್ಲಿ ನೀರು ತರಲು ಹೋದಾಗ ಅವಳ ಕಿವಿಗೂ ಬಿದ್ದಿರಬೇಕು. ನಾನು ಮಾಡಿದ್ದು ಸರಿ ಎಂದು ದಿನಕ್ಕೆ ಹತ್ತು ಸಲ ನನಗೇ ಹೇಳಿಕೊಳ್ಳುತ್ತಿದ್ದೆ. ಸರಿಯಾಗಿದ್ದರೆ ಹತ್ತು ಸಲ ಯಾಕೆ ಹೇಳಿಕೊಳ್ಳಬೇಕಿತ್ತು?

ತಿಂಗಳು ಕಳೆಯುತ್ತಿರುವಾಗ ಚಿನ್ನಾಳಪಟ್ಟಿಯಿಂದ ನೇಕಾರರೊಬ್ಬರು ಬಂದರು. ಸೀರೆಯಂಚಿಗೆ ನಮ್ಮ ನೀಲಿಯೇ ಬೇಕೆನ್ನುವ ಹಳೆಯ ಗಿರಾಕಿ. ಸಾವಿನ ಸುದ್ದಿ ಅವರಿಗೆ ಮುಟ್ಟಿತ್ತು, ಉಳಿದದ್ದು ಮುಟ್ಟಿರಲಿಲ್ಲ. ಒಣಗಿದ ಲಡಿಗಳನ್ನು ಬಿಸಿಲಿಗೆ ಹಿಡಿದು, ಒದ್ದೆ ಬಟ್ಟೆಯಿಂದ ಉಜ್ಜಿ, ಬಣ್ಣ ಬಿಡದ್ದನ್ನು ಕಂಡು ಕಣ್ಣು ತುಂಬಿಕೊಂಡರು.

"ಅವರು ಓಗೋ ಮುಂಚೆ ಹದ ಮಾಡಿಟ್ಟ ಬಾನೀದೇ ಇರ್ಬೇಕು ಇದು. ಅಂಥ ನಾಲಿಗೆ ಈ ಸೀಮೆಯಾಗ ಇನ್ನೊಂದು ಉಟ್ಟಲ್ಲ. ಅಲ್ವೇನಯ್ಯಾ?" ಎಂದು ನನ್ನನ್ನೇ ಕೇಳಿದರು.

ಅಕ್ಕ ಮೂರನೆಯ ಬಾನಿಯ ಹತ್ತಿರ ಬೆನ್ನು ಮಾಡಿ ಬಗ್ಗಿದ್ದಳು. ಅವಳ ಕೈ ನೀರಿನ ಮೇಲೆ ಹಾಗೇ ನಿಂತಿತು.

"ಆಮಾ ಮಾಮ" ಎಂದೆ. "ಅವರ ನಾಲಿಗೆ ಅಂದ್ರೆ ನಾಲಿಗೆ. ಕಡೇ ದಿನದವರ್ಗೂ ಕೆಡಲಿಲ್ಲ."

ನೇಕಾರರು ಲಡಿಗಳನ್ನು ಕಟ್ಟಿಕೊಂಡು ಬಂಡಿಯ ಕಡೆ ಹೋದರು. ಅಕ್ಕ ಬೆರಳದ್ದಿ ಬಾಯಿಗಿಟ್ಟಳು, ಉಗಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಅಜ್ಜಿ ಅಲ್ಲೇ ಅರೆಯುತ್ತಾ ಕೂತಿದ್ದಳು, ಅಕ್ಕ ಅವಳ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದಳು.

"ಕಾಲು ಚಿಪ್ಪು ಆಕು, ತಂಬಿ" ಎಂದಳು.